ರೂಟರ್ ಬದಲಾದ ಮೇಲೆ ನಿಂತುಹೋದ ವೈಫೈ ಪ್ರಿಂಟರ್ ಮತ್ತೆ ಕೆಲಸಕ್ಕೆ ಬಂದದ್ದು ಹೀಗೆ

ನಮ್ಮ ಮನೆಯ ವೈಫೈ ಪ್ರಿಂಟರ್ ಈಗ ಚೆನ್ನಾಗಿ ನಡೆಯುತ್ತಿದೆ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ಸಾಕುಸಾಕಾಯಿತು. ಏನೇನು ನೋಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾವುದು ಕೊನೆಗೆ ಕೆಲಸ ಮಾಡಿತು ಅನ್ನುವುದು ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ಇದೇ ತೊಂದರೆಯಲ್ಲಿ ಇರುವವರಿಗೆ ಅರ್ಧ ದಾರಿಯಾದರೂ ಉಳಿಯಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ‘ಪ್ರಿಂಟರ್ ಕನೆಕ್ಟ್ ಆಗ್ತಿಲ್ಲ’ ಅಂತ ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಅದರೊಳಗೆ ಎರಡು ಬೇರೆ ಬೇರೆ ತೊಂದರೆಗಳಿರುತ್ತವೆ. ಪ್ರಿಂಟರ್ ರೂಟರಿಗೆ ಸೇರದೇ ಇರಬಹುದು. ಅಥವಾ ಪ್ರಿಂಟರ್ ರೂಟರಿಗೆ ಸೇರಿದ್ದರೂ ಕಂಪ್ಯೂಟರಿಗೆ ಅದು ಸಿಗದೇ ಇರಬಹುದು. ಎರಡಕ್ಕೂ ಮದ್ದು ಬೇರೆ. ನನಗೆ ಎರಡೂ ಒಂದರ ಹಿಂದೆ ಒಂದು ಬಂದವು.

ಶುರುವಾದದ್ದು ರೂಟರ್ ಬದಲಾದ ದಿನ. ಇಂಟರ್ನೆಟ್ ಕೊಡುವವರು ಹಳೆಯ ಡಬ್ಬ ತೆಗೆದು ಹೊಸದು ಇಟ್ಟು ಹೋದರು. ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲವೂ ಹೊಸ ಪಾಸ್‌ವರ್ಡ್ ಹಾಕಿದ ತಕ್ಷಣ ಸೇರಿಕೊಂಡವು. ವೇಗವೂ ಜಾಸ್ತಿಯಾಗಿತ್ತು, ಮನೆಯಲ್ಲಿ ಎಲ್ಲರಿಗೂ ಖುಷಿ. ಸಂಜೆ ಒಂದು ಅರ್ಜಿ ಪ್ರಿಂಟ್ ತೆಗೆದು ಸಹಿ ಹಾಕಿ ಕಳಿಸಬೇಕಿತ್ತು. ಆಗ ಪ್ರಿಂಟರ್ ಕಡೆ ನೋಡಿದರೆ ವೈಫೈ ದೀಪ ಮಿಣುಕುತ್ತಾ ಕೂತಿದೆ. ಆ ದೀಪ ಸ್ಥಿರವಾಗಿ ಉರಿದರೆ ಸೇರಿಕೊಂಡಿದೆ ಎಂದರ್ಥ. ಮಿಣುಕುತ್ತಿದ್ದರೆ ಇನ್ನೂ ಹುಡುಕುತ್ತಿದೆ ಅಥವಾ ಸೋತಿದೆ ಎಂದು. ಬಹುಪಾಲು ಪ್ರಿಂಟರುಗಳಲ್ಲಿ ಇದೇ ರೀತಿ.

ಅರ್ಜಿಗೆ ಕೊನೆಯ ದಿನ ಹತ್ತಿರ ಇತ್ತು. ಹಾಗಾಗಿ ಮೊದಲು ಆ ಕೆಲಸ ಮುಗಿಸಿಕೊಂಡೆ. ನಿಮಗೂ ಇದನ್ನೇ ಹೇಳುವುದು. ತುರ್ತಿದ್ದರೆ ರಿಪೇರಿಗೆ ಕೂರಬೇಡಿ, ಮೊದಲು ಪುಟ ಹೊರಗೆ ತೆಗೆಯಿರಿ. ಪ್ರಿಂಟರ್ ಹಿಂದೆ ಯುಎಸ್‌ಬಿ ಕಿಂಡಿ ಇದ್ದು, ಅದಕ್ಕೆ ಸರಿಹೊಂದುವ ಕೇಬಲ್ ಮನೆಯಲ್ಲಿದ್ದರೆ ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಕೇಬಲ್ ಇಲ್ಲದಿದ್ದರೆ ‘ವೈಫೈ ಡೈರೆಕ್ಟ್’ ಅನ್ನುವ ಸೌಲಭ್ಯ ನೋಡಿ. ಪ್ರಿಂಟರ್ ತಾನೇ ಒಂದು ಚಿಕ್ಕ ವೈಫೈ ಹಬ್ಬಿಸುತ್ತದೆ. ಲ್ಯಾಪ್‌ಟಾಪಿನ ವೈಫೈ ಪಟ್ಟಿಯಲ್ಲಿ ‘ಡೈರೆಕ್ಟ್’ ಅಂತ ಶುರುವಾಗುವ ಹೆಸರು ಕಂಡರೆ ಅದೇ. ಅದರ ಪಾಸ್‌ವರ್ಡ್ ಪ್ರಿಂಟರಿನ ಮೆನುವಿನಲ್ಲಿ ಇರುತ್ತದೆ. ನಾನು ಆ ರಾತ್ರಿ ಅರ್ಜಿ ತೆಗೆದದ್ದು ಹೀಗೇ. ಒಂದು ಎಚ್ಚರಿಕೆ: ಲ್ಯಾಪ್‌ಟಾಪ್ ಪ್ರಿಂಟರಿನ ವೈಫೈಗೆ ಸೇರಿದ ಕೂಡಲೇ ಮನೆಯ ವೈಫೈ ಬಿಟ್ಟುಹೋಗುತ್ತದೆ, ಇಂಟರ್ನೆಟ್ ನಿಲ್ಲುತ್ತದೆ. ಗಾಬರಿ ಬೇಡ. ಫೈಲನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ವಾಪಸ್ ಮನೆಯ ವೈಫೈಗೆ ಬನ್ನಿ.

ಅರ್ಜಿ ಹೋಯಿತು. ಮನಸ್ಸು ಹಗುರವಾಯಿತು. ನಿಜವಾದ ಕೆಲಸ ಮರುದಿನ ಶುರು.

ಮೊದಲ ಗಂಟು: ಪ್ರಿಂಟರ್ ಮತ್ತು ರೂಟರ್

ನಮ್ಮ ಪ್ರಿಂಟರಿಗೆ ಟಚ್ ಸ್ಕ್ರೀನ್ ಇಲ್ಲ. ಎರಡು ಸಾಲಿನ ಪುಟ್ಟ ಪರದೆ, ಪಕ್ಕದಲ್ಲಿ ಬಾಣದ ಗುಂಡಿಗಳು. ಮೆನುವಿಗೆ ಹೋಗಿ, ನೆಟ್‌ವರ್ಕ್ ಆರಿಸಿ, ವೈರ್‌ಲೆಸ್ ಸೆಟಪ್ ಆರಿಸಿದರೆ ಸುತ್ತಲಿನ ವೈಫೈ ಹೆಸರುಗಳ ಪಟ್ಟಿ ಬರುತ್ತದೆ. ನಮ್ಮ ಹೆಸರು ಕಂಡಿತು. ಪಾಸ್‌ವರ್ಡ್ ಹಾಕಬೇಕು. ಒಂದೊಂದು ಅಕ್ಷರಕ್ಕೂ ಬಾಣ ಒತ್ತುತ್ತಾ ಹೋಗಬೇಕು. ಚಿಕ್ಕಕ್ಷರಗಳೆಲ್ಲ ಮುಗಿದ ಮೇಲೆ ದೊಡ್ಡಕ್ಷರ, ಆಮೇಲೆ ಅಂಕಿ, ಕೊನೆಯಲ್ಲಿ ಚಿಹ್ನೆಗಳು. ಒಂದು ಅಕ್ಷರ ದಾಟಿಹೋದರೆ ಮತ್ತೆ ಒಂದು ಸುತ್ತು. ರೂಟರ್ ತಳದ ಚೀಟಿಯಲ್ಲಿ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಇದಕ್ಕೆ ಒಂದು ಉಪಾಯ: ಚೀಟಿಯ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಅದೇ ಪಾಸ್‌ವರ್ಡ್ ಫೋನಿನಲ್ಲಿ ಹಾಕಿ ಸೇರುತ್ತದೆಯಾ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಪ್ರಿಂಟರ್ ಹತ್ತಿರ ಬನ್ನಿ.

ನಾನು ಹಾಗೇ ಮಾಡಿದೆ. ಫೋನ್ ಸೇರಿತು. ಪ್ರಿಂಟರ್ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ ‘ಕನೆಕ್ಷನ್ ಫೇಲ್ಡ್’ ಎಂದಿತು. ಯಾಕೆ ಅಂತ ಒಂದು ಮಾತಿಲ್ಲ. ಮತ್ತೆ ಹಾಕಿದೆ, ಮತ್ತೆ ಅದೇ.

ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಕಾಯಿಸುವ ಸಂಗೀತ ಕೇಳಿ ಕೇಳಿ ಬಾಯಿಪಾಠವಾಯಿತು. ಕೊನೆಗೆ ಸಿಕ್ಕವರು ಮಾಡೆಲ್ ನಂಬರು, ಸೀರಿಯಲ್ ನಂಬರು, ಕೊಂಡ ತಾರೀಖು ಕೇಳಿದರು. ಇವು ಮೂರನ್ನೂ ಬರೆದಿಟ್ಟುಕೊಂಡೇ ಫೋನ್ ಮಾಡಿ. ಸೀರಿಯಲ್ ನಂಬರು ಹಿಂಬದಿಯಲ್ಲೋ ಮುಚ್ಚಳದ ಒಳಗೋ ಇರುತ್ತದೆ, ಫೋನ್ ಕಿವಿಗಿಟ್ಟುಕೊಂಡು ಪ್ರಿಂಟರ್ ಮಗುಚುವುದು ಕಷ್ಟ. ‘ನೆಟ್‌ವರ್ಕ್ ರೀಸೆಟ್ ಮಾಡಿ ಸಾರ್’ ಅಂದರು. ಮಾಡಿದೆ. ‘ರೂಟರಿನ ಡಬ್ಲ್ಯುಪಿಎಸ್ ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ವೈಫೈ ಗುಂಡಿ ಒತ್ತಿ’ ಅಂದರು. ಪಾಸ್‌ವರ್ಡ್ ಟೈಪ್ ಮಾಡದೆ ಸೇರಿಸುವ ದಾರಿ ಇದು. ಅದೂ ಆಗಲಿಲ್ಲ. ‘ಹಾಗಾದರೆ ಪ್ರಿಂಟರಿನ ವೈಫೈ ಕಾರ್ಡೇ ಹೋಗಿರಬಹುದು, ಹೊಸ ಪ್ರಿಂಟರ್ ತಗೊಳ್ಳುವುದು ಒಳ್ಳೆಯದು’ ಅಂದರು.

ಆ ಮಾತು ಕೇಳಿ ಬೇಜಾರಾಯಿತು. ನಿನ್ನೆ ರಾತ್ರಿ ತಾನೇ ಈ ಪ್ರಿಂಟರ್ ವೈಫೈ ಡೈರೆಕ್ಟಿನಲ್ಲಿ ಚೆಂದವಾಗಿ ಪ್ರಿಂಟ್ ಕೊಟ್ಟಿತ್ತಲ್ಲ. ವೈಫೈ ಕಾರ್ಡ್ ಹೋಗಿದ್ದರೆ ಅದು ಹೇಗೆ ಸಾಧ್ಯ? ಹೊಸ ಪ್ರಿಂಟರಿಗೆ ದುಡ್ಡು ಹಾಕುವ ಮುಂಚೆ ಇದೊಂದು ಪರೀಕ್ಷೆ ಎಲ್ಲರೂ ಮಾಡಲೇಬೇಕು. ವೈಫೈ ಡೈರೆಕ್ಟ್ ನಡೆದರೆ ಯಂತ್ರದ ರೇಡಿಯೊ ಬದುಕಿದೆ.

ನೆಟ್‌ವರ್ಕ್ ಕೆಲಸ ಗೊತ್ತಿರುವ ಗೆಳೆಯನಿಗೆ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ, ‘ಕಾನ್ಫಿಗರೇಶನ್ ಪೇಜ್ ತೆಗೆದೆಯಾ?’ ಎರಡನೆಯದು, ‘ಆ ಪ್ರಿಂಟರ್ ಎಷ್ಟು ಹಳೆಯದು?’

ಕಾನ್ಫಿಗರೇಶನ್ ಪೇಜ್ ಅನ್ನುವುದು ಈ ಇಡೀ ಓಡಾಟದಲ್ಲಿ ನನಗೆ ಸಿಕ್ಕ ಅತಿ ಮುಖ್ಯ ಕಾಗದ. ಪ್ರಿಂಟರ್ ತನ್ನ ವೈಫೈ ಸ್ಥಿತಿಯನ್ನು ತಾನೇ ಅಚ್ಚು ಹಾಕಿ ಕೊಡುತ್ತದೆ. ಕೆಲವದರಲ್ಲಿ ಮೆನುವಿನ ರಿಪೋರ್ಟ್ಸ್ ವಿಭಾಗದಲ್ಲಿ ಇರುತ್ತದೆ. ಪರದೆ ಇಲ್ಲದ ಪ್ರಿಂಟರಾದರೆ ಯಾವುದೋ ಗುಂಡಿಯನ್ನು ಕೆಲ ಸೆಕೆಂಡು ಒತ್ತಿ ಹಿಡಿಯಬೇಕು, ಯಾವುದು ಅಂತ ಕೈಪಿಡಿಯಲ್ಲಿ ಇರುತ್ತದೆ. ನನ್ನ ಪುಟದಲ್ಲಿ ವೈಫೈ ಹೆಸರು ಸರಿಯಾಗಿತ್ತು. ಸಿಗ್ನಲ್ ಚೆನ್ನಾಗಿದೆ ಅಂತ ಇತ್ತು. ಐಪಿ ವಿಳಾಸದ (ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಇರುವ ಅಂಕಿಯ ವಿಳಾಸ) ಎದುರು 0.0.0.0. ಅದರ ಕೆಳಗೆ ಸೆಕ್ಯುರಿಟಿ ಸಾಲಿನಲ್ಲಿ ‘ಫೇಲ್’.

ಈ ಪುಟ ಓದುವುದು ಕಷ್ಟವೇನಲ್ಲ. ಐಪಿ ವಿಳಾಸ 192.168 ಅಂತಲೋ 10 ಅಂತಲೋ ಶುರುವಾದರೆ ಸಾಮಾನ್ಯವಾಗಿ ಪ್ರಿಂಟರ್ ರೂಟರಿಗೆ ಸೇರಿದೆ. 169.254 ಅಂತ ಶುರುವಾದರೆ ರೂಟರಿನಿಂದ ವಿಳಾಸ ಸಿಗದೆ ಪ್ರಿಂಟರ್ ತಾನೇ ಒಂದು ಇಟ್ಟುಕೊಂಡಿದೆ. ರೂಟರ್ ಮತ್ತು ಪ್ರಿಂಟರ್ ಎರಡನ್ನೂ ಆಫ್ ಮಾಡಿ, ರೂಟರ್ ಪೂರ್ತಿ ಎದ್ದ ಮೇಲೆ ಪ್ರಿಂಟರ್ ಹಾಕಿದರೆ ಎಷ್ಟೋ ಸಲ ಇದು ಸರಿಹೋಗುತ್ತದೆ. ಬರೀ ಸೊನ್ನೆಗಳಿದ್ದರೆ ಇನ್ನೂ ಬಾಗಿಲೇ ದಾಟಿಲ್ಲ.

ಸಿಗ್ನಲ್ ಇದೆ, ಹೆಸರು ಸರಿ, ಪಾಸ್‌ವರ್ಡ್ ಸರಿ, ಆದರೂ ಸೆಕ್ಯುರಿಟಿ ಫೇಲ್. ಗೆಳೆಯ ತಕ್ಷಣ ಹೇಳಿದ, ‘ಹೊಸ ರೂಟರ್ ಡಬ್ಲ್ಯುಪಿಎ3ನಲ್ಲಿ ಇರಬೇಕು ನೋಡು.’

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ರೂಟರ್ ಬದಲಾಯಿಸಿದ ತುಂಬ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ವೈಫೈ ಪಾಸ್‌ವರ್ಡನ್ನು ಪರಿಶೀಲಿಸಲು ಒಂದು ಕ್ರಮ ಇರುತ್ತದೆ, ಡಬ್ಲ್ಯುಪಿಎ ಅನ್ನುವುದು ಅದಕ್ಕೇ. ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ, ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ನಮ್ಮ ಪ್ರಿಂಟರ್ ಅದಕ್ಕಿಂತ ಹಳೆಯದು, ಅದಕ್ಕೆ ಗೊತ್ತಿರುವುದು 2 ಮಾತ್ರ. ರೂಟರ್ 3ರಲ್ಲಿ ಮಾತ್ರ ಮಾತಾಡುತ್ತೇನೆ ಅಂತ ಕೂತರೆ ಹಳೆಯ ಪ್ರಿಂಟರ್ ಎಷ್ಟು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ. ಫೋನು, ಲ್ಯಾಪ್‌ಟಾಪು ಹೊಸವು, ಅವಕ್ಕೆ ಎರಡೂ ಬರುತ್ತದೆ. ಹಾಗಾಗಿ ಅವು ಸೇರಿದವು. ಡಬ್ಲ್ಯುಪಿಎಸ್ ಗುಂಡಿ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇತ್ತು. ಡಬ್ಲ್ಯುಪಿಎ3 ಜೊತೆ ಆ ಗುಂಡಿಯ ವ್ಯವಸ್ಥೆ ನಡೆಯುವುದಿಲ್ಲ.

ರೂಟರಿನ ಸೆಟ್ಟಿಂಗ್ಸ್ ತೆರೆಯಬೇಕಾಯಿತು. ಹೆದರಬೇಡಿ, ಬ್ರೌಸರಿನ ವಿಳಾಸದ ಜಾಗದಲ್ಲಿ ರೂಟರಿನ ಐಪಿ ಹಾಕಿದರೆ ತೆರೆದುಕೊಳ್ಳುತ್ತದೆ. ಆ ಐಪಿಯೂ ಅಡ್ಮಿನ್ ಪಾಸ್‌ವರ್ಡೂ ರೂಟರ್ ತಳದ ಚೀಟಿಯಲ್ಲಿ ಇರುತ್ತವೆ. ಈ ಪಾಸ್‌ವರ್ಡ್ ವೈಫೈ ಪಾಸ್‌ವರ್ಡಿಗಿಂತ ಬೇರೆ ಇರಬಹುದು, ಚೀಟಿಯಲ್ಲಿ ಎರಡನ್ನೂ ನೋಡಿಕೊಳ್ಳಿ. ಒಳಗೆ ವೈರ್‌ಲೆಸ್ ಸೆಕ್ಯುರಿಟಿ ಅನ್ನುವ ಕಡೆ ಗೆಳೆಯ ಹೇಳಿದ್ದೇ ಇತ್ತು: ಡಬ್ಲ್ಯುಪಿಎ3 ಮಾತ್ರ. ಅದನ್ನು ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಅನ್ನುವ ಬೆರಕೆ ಆಯ್ಕೆಗೆ ಬದಲಾಯಿಸಿದೆ. ಸೇವ್ ಒತ್ತಿದ ಕೂಡಲೇ ಮನೆಯ ಎಲ್ಲರ ವೈಫೈ ಒಂದು ಕ್ಷಣ ಹೋಗುತ್ತದೆ. ಮನೆಯಲ್ಲಿ ಯಾರಾದರೂ ವೀಡಿಯೊ ಮೀಟಿಂಗಿನಲ್ಲಿ ಇದ್ದಾರಾ ಅಂತ ಕೇಳಿಕೊಂಡೇ ಒತ್ತಿ.

ಮತ್ತೆ ಪ್ರಿಂಟರ್ ಹತ್ತಿರ ಬಂದು, ಬಾಣ ಒತ್ತಿ ಒತ್ತಿ ಪಾಸ್‌ವರ್ಡ್ ಹಾಕಿದೆ. ಆಗಲೂ ಸೇರಲಿಲ್ಲ. ಆ ಕ್ಷಣ ನಿಜಕ್ಕೂ ಕಣ್ಣಲ್ಲಿ ನೀರು ಬರುವಂತಾಯಿತು. ಇಷ್ಟೆಲ್ಲ ತಿಳಿದುಕೊಂಡು, ಸರಿಯಾದ ಜಾಗಕ್ಕೇ ಕೈ ಹಾಕಿದ ಮೇಲೂ ಆಗುವುದಿಲ್ಲ ಅಂದರೆ ಮುಂದೆ ಏನು?

ಮುಂದಿನದು ಬ್ಯಾಂಡಿನ, ಅಂದರೆ ವೈಫೈ ಬಳಸುವ ರೇಡಿಯೊ ಅಲೆಗಳ ವಿಷಯ. ಕೆಲವು ಹಳೆಯ ಸಾಧನಗಳು ಆ ಬೆರಕೆ ಆಯ್ಕೆಯಲ್ಲೂ ತಡವರಿಸುತ್ತವಂತೆ. ಅದರ ಮೇಲೆ ಇನ್ನೊಂದು ತೊಡಕು. ಇಂದಿನ ಅನೇಕ ರೂಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ. ಯಾವ ಸಾಧನ ಯಾವುದಕ್ಕೆ ಹೋಗಬೇಕು ಅನ್ನುವುದನ್ನು ರೂಟರೇ ತಳ್ಳಿ ನೋಡುತ್ತದೆ. ಮನೆಬಳಕೆಯ ಪ್ರಿಂಟರುಗಳಲ್ಲಿ ಅದರಲ್ಲೂ ಹಳೆಯವು ಹೆಚ್ಚಾಗಿ 2.4 ಮಾತ್ರ ಹಿಡಿಯುತ್ತವೆ. ಗೆಳೆಯನ ಸಲಹೆಯಂತೆ ಎರಡನ್ನೂ ಬೇರೆ ಮಾಡಿದೆ. ರೂಟರಿನಲ್ಲಿ ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ ಅನ್ನುವ ಹೆಸರಿನಲ್ಲಿ ಇರುತ್ತದೆ, ಅದನ್ನು ಆಫ್ ಮಾಡಿದರೆ ಎರಡು ವೈಫೈ ಬೇರೆ ಬೇರೆ ಕಾಣುತ್ತವೆ. 2.4ಕ್ಕೆ ಬೇರೆ ಹೆಸರು ಕೊಟ್ಟು, ಸೆಕ್ಯುರಿಟಿ ಡಬ್ಲ್ಯುಪಿಎ2 ಎಇಎಸ್ (ಮಾಹಿತಿಯನ್ನು ಗುಟ್ಟಾಗಿಡುವ ಒಂದು ಬಗೆ) ಇಟ್ಟೆ. 5 ಗಿಗಾಹರ್ಟ್ಸಿನದು ಡಬ್ಲ್ಯುಪಿಎ3ನಲ್ಲೇ ಉಳಿಯಲಿ ಅಂತ ಬಿಟ್ಟೆ. 2.4ರ ಚಾನೆಲ್, ಅಂದರೆ ಆ ಬ್ಯಾಂಡಿನೊಳಗಿನ ಒಂದು ಭಾಗ, ಆಟೋದಲ್ಲಿತ್ತು, ಅದನ್ನು 6ಕ್ಕೆ ಕಟ್ಟಿದೆ. 12, 13ನೇ ಚಾನೆಲ್ಲುಗಳನ್ನು ಕೆಲವು ಪ್ರಿಂಟರುಗಳು ನೋಡುವುದೇ ಇಲ್ಲ. ನಿಮ್ಮ ವೈಫೈ ಹೆಸರು ಪ್ರಿಂಟರಿನ ಪಟ್ಟಿಯಲ್ಲಿ ಕಾಣಿಸುತ್ತಲೇ ಇಲ್ಲ ಅಂದರೆ ಮೊದಲು ಚಾನೆಲ್ ನೋಡಿ. 1, 6, 11 ಇವುಗಳಲ್ಲಿ ಒಂದು ಇಡಿ.

ಈ ಸಲ ಪಾಸ್‌ವರ್ಡ್ ಹಾಕಿ ಓಕೆ ಒತ್ತಿದೆ. ದೀಪ ಕೆಲವು ಸಲ ಮಿಣುಕಿತು. ಆಮೇಲೆ ನಿಂತು ಉರಿಯಿತು. ಕಾನ್ಫಿಗರೇಶನ್ ಪೇಜ್ ಮತ್ತೆ ತೆಗೆದೆ. ಐಪಿ ವಿಳಾಸ: 192.168.1.34. ಆ ಸಾಲನ್ನು ಪೆನ್ನಿನಲ್ಲಿ ಸುತ್ತು ಹಾಕಿ ಮನೆಯವರಿಗೆಲ್ಲ ತೋರಿಸಿದೆ.

ಇಲ್ಲಿ ಇನ್ನೊಂದು ಮಾತು. ಪ್ರಿಂಟರಿಗೆ ಅಂತ ಗೆಸ್ಟ್ ವೈಫೈ ಆನ್ ಮಾಡಿ ಅದಕ್ಕೆ ಸೇರಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಸೇರಿಬಿಡುತ್ತದೆ, ಆದರೆ ಪ್ರಯೋಜನವಿಲ್ಲ. ಗೆಸ್ಟ್ ವೈಫೈ ಇರುವುದೇ ಅದರಲ್ಲಿರುವವರು ಮನೆಯ ಬೇರೆ ಸಾಧನಗಳನ್ನು ನೋಡದಿರಲಿ ಅಂತ. ಪ್ರಿಂಟರ್ ಅಲ್ಲಿ, ಕಂಪ್ಯೂಟರ್ ಇಲ್ಲಿ ಆದರೆ ಒಂದಕ್ಕೊಂದು ಸಿಗುವುದಿಲ್ಲ.

ಎರಡನೇ ಗಂಟು: ಕಂಪ್ಯೂಟರ್ ಮತ್ತು ಪ್ರಿಂಟರ್

ದೀಪ ಉರಿಯಿತು, ಇನ್ನೇನು ಮುಗಿಯಿತು ಅಂತ ಕಂಪ್ಯೂಟರಿನಲ್ಲಿ ಪ್ರಿಂಟ್ ಒತ್ತಿದೆ. ‘ಪ್ರಿಂಟರ್ ಆಫ್‌ಲೈನ್.’

ಫೋನಿನಿಂದ ಕಳಿಸಿ ನೋಡಿದೆ, ತಕ್ಷಣ ಬಂತು. ಈ ಪರೀಕ್ಷೆಯನ್ನು ನೀವೂ ಮಾಡಿ. ಐಫೋನಿನಲ್ಲಿ 2010ರಿಂದ ಏರ್‌ಪ್ರಿಂಟ್ ಇದೆ, ಈಗಿನ ಆಂಡ್ರಾಯ್ಡ್ ಫೋನುಗಳಲ್ಲೂ ಪ್ರಿಂಟ್ ಸೌಲಭ್ಯ ಇರುತ್ತದೆ. ಫೋನು ಮನೆಯ ವೈಫೈನಲ್ಲಿ ಇರಬೇಕು, ಮೊಬೈಲ್ ಡೇಟಾದಲ್ಲಿ ಅಲ್ಲ. ಫೋನಿನಿಂದ ಪುಟ ಬಂದರೆ ಪ್ರಿಂಟರೂ ರೂಟರೂ ಸರಿ ಇವೆ, ತೊಂದರೆ ಇರುವುದು ಕಂಪ್ಯೂಟರಿನಲ್ಲಿ ಅಂತ ಖಚಿತವಾಗುತ್ತದೆ. ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ, ಅಲ್ವಾ?

ಕಂಪ್ಯೂಟರಿನಲ್ಲಿ ಮೊದಲು ಕಂಡದ್ದು ಕ್ಯೂ. ಹಿಂದೆ ಕಳಿಸಿದ ಪುಟಗಳೆಲ್ಲ ಸಾಲಾಗಿ ನಿಂತಿದ್ದವು. ಅಳಿಸಲು ಹೋದರೆ ‘ಡಿಲೀಟಿಂಗ್’ ಅಂತ ತೋರಿಸುತ್ತಾ ಅಲ್ಲೇ ಕೂತಿತು. ಹೀಗಾದಾಗ ವಿಂಡೋಸಿನಲ್ಲಿ ಹುಡುಕುವ ಜಾಗಕ್ಕೆ ಹೋಗಿ ‘ಸರ್ವಿಸಸ್’ ತೆರೆಯಿರಿ. ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಇರುತ್ತದೆ (ಪುಟಗಳನ್ನು ಸಾಲಾಗಿ ನಿಲ್ಲಿಸಿ ಪ್ರಿಂಟರಿಗೆ ಕಳಿಸುವುದು ಅದೇ), ಅದನ್ನು ಸ್ಟಾಪ್ ಮಾಡಿ. ಆಮೇಲೆ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅಲ್ಲಿರುವ ಫೈಲುಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನು ಮುಟ್ಟಬೇಡಿ. ವಾಪಸ್ ಬಂದು ಸ್ಪೂಲರ್ ಸ್ಟಾರ್ಟ್ ಮಾಡಿ. ಕ್ಯೂ ಖಾಲಿಯಾಗುತ್ತದೆ. ಇದನ್ನು ಮಾಡದೆ ಮುಂದೆ ಹೋದರೆ, ಪ್ರಿಂಟರ್ ಸೇರಿದ ಕ್ಷಣ ಹಳೆಯ ಕಾಪಿಗಳೆಲ್ಲ ಒಂದರ ಮೇಲೊಂದು ಹೊರಗೆ ಬೀಳಬಹುದು. ಕಾಗದವೂ ಹಾಳು, ಇಂಕೂ ಹಾಳು.

ಇಂಕಿನ ಮಾತು ಬಂತು, ಹೇಳಿಬಿಡುತ್ತೇನೆ. ಈ ಓಡಾಟದಲ್ಲಿ ನನಗೆ ನಿಜವಾಗಿ ಖರ್ಚಾದದ್ದು ಇಂಕು. ಇಂಕ್‌ಜೆಟ್ ಪ್ರಿಂಟರ್ ಆನ್ ಆಗುವಾಗ ಅನೇಕ ಸಲ ಇಂಕು ಚಿಮ್ಮಿಸುವ ತನ್ನ ತಲೆಯನ್ನು (ಪ್ರಿಂಟ್ ಹೆಡ್) ತೊಳೆದುಕೊಳ್ಳುತ್ತದೆ, ಅದಕ್ಕೆ ಇಂಕು ಬೇಕು. ಪ್ರತಿ ಬದಲಾವಣೆಗೂ ಪ್ಲಗ್ ಕಿತ್ತು ಹಾಕುತ್ತಿದ್ದರೆ ಇಂಕಿನ ಮಟ್ಟ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಅಗತ್ಯ ಇದ್ದಾಗ ಮಾತ್ರ ಆಫ್ ಮಾಡಿ. ಟೆಸ್ಟ್ ಪೇಜಿಗೆ ಒಂದು ಬದಿ ಖಾಲಿ ಇರುವ ಹಳೆಯ ಕಾಗದ ಸಾಕು.

ಕ್ಯೂ ಖಾಲಿಯಾಯಿತು, ಆಫ್‌ಲೈನ್ ಹೋಗಲಿಲ್ಲ. ಪರಿಹಾರ ಹುಡುಕುತ್ತಾ ಆನ್‌ಲೈನಿನಲ್ಲಿ ಸಿಕ್ಕ ಒಂದು ಸಹಾಯವಾಣಿ ನಂಬರಿಗೆ ಫೋನ್ ಮಾಡಿದೆ. ಆ ಕಡೆಯವರು ಪ್ರಿಂಟರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನೇರವಾಗಿ ‘ಒಂದು ಆ್ಯಪ್ ಹಾಕಿಕೊಳ್ಳಿ, ನಾವು ನಿಮ್ಮ ಕಂಪ್ಯೂಟರ್ ನೋಡುತ್ತೇವೆ’ ಅಂದರು. ಅಲ್ಲಿಗೇ ಫೋನ್ ಇಟ್ಟೆ. ದಯವಿಟ್ಟು ಹುಷಾರಾಗಿರಿ. ಪ್ರಿಂಟರ್ ಕೆಟ್ಟಿತು ಅಂತ ಹುಡುಕುವವರನ್ನೇ ಹಿಡಿಯಲು ಇಂಥ ನಕಲಿ ನಂಬರುಗಳು ಹರಿದಾಡುತ್ತವೆ. ದೂರದಿಂದ ಕಂಪ್ಯೂಟರ್ ಬಿಟ್ಟುಕೊಟ್ಟರೆ ಬ್ಯಾಂಕಿನ ವಿವರವೂ ಅವರ ಕೈಗೆ ಹೋಗಬಹುದು. ಹೆಲ್ಪ್‌ಲೈನ್ ನಂಬರು ಬೇಕಾದರೆ ಪ್ರಿಂಟರಿನ ಜೊತೆ ಬಂದ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಮತ್ತೆ ಕಾನ್ಫಿಗರೇಶನ್ ಪೇಜನ್ನೇ ಎದುರಿಗೆ ಇಟ್ಟುಕೊಂಡೆ. ಕಂಪ್ಯೂಟರಿನ ಬ್ರೌಸರಿನಲ್ಲಿ 192.168.1.34 ಅಂತ ಹಾಕಿದೆ. ಪ್ರಿಂಟರಿನದೇ ಪುಟ ತೆರೆದುಕೊಂಡಿತು! ಇಂಕಿನ ಮಟ್ಟ, ವೈಫೈ ಸೆಟ್ಟಿಂಗ್ಸ್, ಎಲ್ಲ ಅಲ್ಲಿತ್ತು. ಪ್ರಿಂಟರಿನ ಒಳಗೇ ಒಂದು ಪುಟ್ಟ ವೆಬ್ ಪುಟ ಇರುತ್ತದೆ ಅನ್ನುವುದು ಗೊತ್ತಾದದ್ದು ಆಗಲೇ. ಪಾಸ್‌ವರ್ಡ್ ಕೂಡ ಇಲ್ಲಿಂದ ಕೀಬೋರ್ಡಿನಲ್ಲಿ ಆರಾಮಾಗಿ ಬದಲಾಯಿಸಬಹುದು. ಅಂದರೆ ಕಂಪ್ಯೂಟರಿಗೆ ಪ್ರಿಂಟರ್ ಸಿಗುತ್ತಿದೆ. ಆದರೂ ವಿಂಡೋಸ್ ಆಫ್‌ಲೈನ್ ಅನ್ನುತ್ತಿದೆ.

ಈ ಪುಟ ನಿಮಗೆ ತೆರೆಯದಿದ್ದರೆ ಎರಡು ಕಡೆ ನೋಡಿ. ಆಫೀಸಿನ ಕೆಲಸಕ್ಕೆ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ) ಹಾಕಿದ್ದರೆ ಆಫ್ ಮಾಡಿ. ವಿಪಿಎನ್ ಆನ್ ಇದ್ದಾಗ ಮನೆಯೊಳಗಿನ ಸಾಧನಗಳು ಮರೆಯಾಗುವುದು ಸಾಮಾನ್ಯ. ಇನ್ನೊಂದು, ಮನೆಯಲ್ಲಿ ಎರಡು ರೂಟರ್ ಇದ್ದರೆ ಪ್ರಿಂಟರ್ ಒಂದಕ್ಕೆ, ಕಂಪ್ಯೂಟರ್ ಇನ್ನೊಂದಕ್ಕೆ ಸೇರಿರಬಹುದು. ಎರಡರ ಐಪಿಯ ಮೊದಲ ಮೂರು ಭಾಗ ಒಂದೇ ಇದೆಯಾ ಹೋಲಿಸಿ. ಮನೆಯ ರೂಟರುಗಳಲ್ಲಿ ಸಾಮಾನ್ಯವಾಗಿ ಒಂದೇ ಇರಬೇಕು.

ಕೊನೆಗೆ ಸುಳಿವು ಸಿಕ್ಕಿದ್ದು ಪೋರ್ಟಿನಲ್ಲಿ, ಅಂದರೆ ಪುಟಗಳನ್ನು ಯಾವ ವಿಳಾಸಕ್ಕೆ ಕಳಿಸಬೇಕು ಅಂತ ವಿಂಡೋಸ್ ಬರೆದಿಟ್ಟುಕೊಳ್ಳುವ ಜಾಗದಲ್ಲಿ. ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್, ನಮ್ಮ ಪ್ರಿಂಟರ್, ಪ್ರಿಂಟರ್ ಪ್ರಾಪರ್ಟೀಸ್, ಅದರಲ್ಲಿ ‘ಪೋರ್ಟ್ಸ್’. ಟಿಕ್ ಬಿದ್ದಿದ್ದ ಪೋರ್ಟಿನ ಎದುರು ಇದ್ದ ವಿಳಾಸ 192.168.0ರಿಂದ ಶುರುವಾಗುತ್ತಿತ್ತು. ಹಳೆಯ ರೂಟರ್ ಕೊಡುತ್ತಿದ್ದ ವಿಳಾಸಗಳು ಹಾಗಿದ್ದವು. ಹೊಸ ರೂಟರ್ ಕೊಡುವುದು 192.168.1ರಿಂದ. ಮನೆ ಬದಲಾಯಿಸಿದವರ ಹಳೆಯ ವಿಳಾಸಕ್ಕೇ ಕಾಗದ ಹಾಕುತ್ತಿರುವ ಹಾಗೆ, ಕಂಪ್ಯೂಟರ್ ಪ್ರತಿ ಪುಟವನ್ನೂ ಇಲ್ಲದ ಜಾಗಕ್ಕೆ ಕಳಿಸುತ್ತಿತ್ತು. ಉತ್ತರ ಬಾರದೆ ‘ಆಫ್‌ಲೈನ್’ ಅನ್ನುತ್ತಿತ್ತು.

ಹಳೆಯ ಪ್ರಿಂಟರನ್ನು ರಿಮೂವ್ ಮಾಡಿ ಹೊಸದಾಗಿ ಸೇರಿಸೋಣ ಅಂತ ‘ಆ್ಯಡ್ ಡಿವೈಸ್’ ಒತ್ತಿದೆ. ಎಷ್ಟು ಹುಡುಕಿದರೂ ಪಟ್ಟಿಯಲ್ಲಿ ಪ್ರಿಂಟರ್ ಬರಲೇ ಇಲ್ಲ. ಅದಕ್ಕೂ ಹೊಸ ರೂಟರೇ ಕಾರಣ. ಹೊಸ ವೈಫೈಗೆ ಸೇರಿದಾಗ ವಿಂಡೋಸ್ ಅದನ್ನು ‘ಪಬ್ಲಿಕ್’ ಅಂತ ಗುರುತು ಹಾಕಿಕೊಂಡಿತ್ತು. ಊರವರೆಲ್ಲ ಬಳಸುವ ವೈಫೈ ಅಂದುಕೊಂಡು ಅಕ್ಕಪಕ್ಕದ ಸಾಧನಗಳನ್ನು ಹುಡುಕುವುದನ್ನು ನಿಲ್ಲಿಸಿರುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ನಮ್ಮ ವೈಫೈ ಹೆಸರಿನ ಪ್ರಾಪರ್ಟೀಸಿಗೆ ಹೋಗಿ ‘ಪ್ರೈವೇಟ್’ ಮಾಡಿದೆ. ನಿಮ್ಮ ಸ್ವಂತ ಮನೆಯ ವೈಫೈ ಆದರೆ ಮಾತ್ರ ಹೀಗೆ ಮಾಡಿ. ಮತ್ತೆ ಹುಡುಕಿಸಿದಾಗ ಪ್ರಿಂಟರಿನ ಹೆಸರು ಪಟ್ಟಿಯಲ್ಲಿ ಬಂತು.

ನಿಮಗೆ ಆಗಲೂ ಬಾರದಿದ್ದರೆ ‘ಆ್ಯಡ್ ಮ್ಯಾನ್ಯುಯಲಿ’ ಅಂತ ಇರುತ್ತದೆ. ಅಲ್ಲಿ ಐಪಿ ವಿಳಾಸದ ಮೂಲಕ ಸೇರಿಸುವ ಆಯ್ಕೆ ಆರಿಸಿ, ಪುಟದಲ್ಲಿರುವ ಐಪಿ ಹಾಕಿ. ಹುಡುಕಾಟದ ಗೊಡವೆಯೇ ಇಲ್ಲ. ಹೀಗೆ ಸೇರಿಸಿದ ಪ್ರಿಂಟರ್ ಪ್ರಿಂಟ್ ಕೊಡುತ್ತಾ ಕೊಡುತ್ತಾ ನಡುವೆ ಆಫ್‌ಲೈನ್ ತೋರಿಸಿದರೆ, ಪೋರ್ಟ್ಸಿನಲ್ಲಿ ಕಾನ್ಫಿಗರ್ ಪೋರ್ಟ್ ಒತ್ತಿ ‘ಎಸ್‌ಎನ್‌ಎಂಪಿ ಸ್ಟೇಟಸ್’ (ಪ್ರಿಂಟರಿನ ಸ್ಥಿತಿ ಕೇಳಿ ತಿಳಿಯುವ ವ್ಯವಸ್ಥೆ) ಟಿಕ್ ತೆಗೆದು ನೋಡಿ. ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್ ಇರುವವರು ಪ್ರಿಂಟರುಗಳ ಪಟ್ಟಿಯ ಮೇಲೆ ಕಂಟ್ರೋಲ್ ಒತ್ತಿಕೊಂಡು ಕ್ಲಿಕ್ ಮಾಡಿದರೆ ‘ರೀಸೆಟ್ ಪ್ರಿಂಟಿಂಗ್ ಸಿಸ್ಟಮ್’ ಸಿಗುತ್ತದೆ. ಅದು ಎಲ್ಲ ಪ್ರಿಂಟರುಗಳನ್ನೂ ಅಳಿಸಿ ಹೊಸದಾಗಿ ಶುರು ಮಾಡಿಸುತ್ತದೆ.

ಟೆಸ್ಟ್ ಪೇಜ್ ಒತ್ತಿದೆ. ಪ್ರಿಂಟರ್ ಒಳಗೆ ಗಾಲಿ ತಿರುಗಿದ ಸದ್ದು ಕೇಳಿ ಎದ್ದು ನಿಂತೆ. ಕಾಗದ ನಿಧಾನಕ್ಕೆ ಹೊರಗೆ ಬಂತು. ಅಷ್ಟು ಚೆಂದದ ಟೆಸ್ಟ್ ಪೇಜನ್ನು ನಾನು ನೋಡಿರಲಿಲ್ಲ.

ಮತ್ತೆ ಆಫ್‌ಲೈನ್

ಸ್ವಲ್ಪ ದಿನ ಎಲ್ಲ ಸರಿ ಇತ್ತು. ಆಮೇಲೆ ಒಂದು ಬೆಳಗ್ಗೆ ವಿದ್ಯುತ್ ಹೋಗಿ ಬಂತು. ಪ್ರಿಂಟರ್ ಮತ್ತೆ ಆಫ್‌ಲೈನ್. ಈ ಸಲ ಗಾಬರಿ ಆಗಲಿಲ್ಲ. ಕಾನ್ಫಿಗರೇಶನ್ ಪೇಜ್ ತೆಗೆದೆ. ಐಪಿಯ ಕೊನೆಯ ಅಂಕಿ ಬದಲಾಗಿತ್ತು.

ರೂಟರ್ ಐಪಿ ವಿಳಾಸಗಳನ್ನು ಸ್ವಲ್ಪ ಕಾಲಕ್ಕೆ ಅಂತ ಕೊಡುತ್ತದೆ. ಆಫ್ ಆಗಿ ಆನ್ ಆದಾಗ ಬೇರೆಯದು ಸಿಗಬಹುದು. ಇದಕ್ಕೆ ಪಕ್ಕಾ ಪರಿಹಾರ ರೂಟರಿನಲ್ಲಿದೆ. ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ ವ್ಯವಸ್ಥೆ) ಅಥವಾ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಸೆಟ್ಟಿಂಗ್ಸಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತ ಇರುತ್ತದೆ. ಪ್ರಿಂಟರಿನ ಮ್ಯಾಕ್ ವಿಳಾಸ ಅಲ್ಲಿ ಹಾಕಿ, ಈ ಯಂತ್ರಕ್ಕೆ ಯಾವಾಗಲೂ ಇದೇ ಐಪಿ ಅಂತ ಕಟ್ಟಿಬಿಡಿ. ಮ್ಯಾಕ್ ವಿಳಾಸ ಅಂದರೆ ಯಂತ್ರದ ವೈಫೈ ಕಾರ್ಡಿನ ಗುರುತು (ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ), ಎರಡೆರಡು ಅಕ್ಷರ ಅಥವಾ ಅಂಕಿಯ ಆರು ಜೋಡಿ, ಅದೂ ಕಾನ್ಫಿಗರೇಶನ್ ಪೇಜಿನಲ್ಲೇ ಇರುತ್ತದೆ. ಪ್ರಿಂಟರಿನಲ್ಲೇ ಕೈಯಾರೆ ಸ್ಥಿರ ಐಪಿ ಹಾಕುವ ದಾರಿಯೂ ಇದೆ, ಆದರೆ ರೂಟರ್ ಅದೇ ಐಪಿಯನ್ನು ಬೇರೆ ಫೋನಿಗೆ ಕೊಟ್ಟುಬಿಡುವ ಅಪಾಯ ಇರುತ್ತದೆ. ರೂಟರಿನಲ್ಲಿ ಕಟ್ಟುವುದೇ ನನಗೆ ಸರಿ ಅನ್ನಿಸಿತು. ಅಂದಿನಿಂದ ಆ ತಕರಾರು ಬಂದಿಲ್ಲ.

ಪ್ರಿಂಟರ್ ಎರಡು ಸಲ ಸೇರಿಸಿದ್ದರೆ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಕಾಣುತ್ತದೆ, ಒಂದರ ಮುಂದೆ ‘ಕಾಪಿ 1’ ಅಂತ. ಹಳೆಯದು ಡಿಫಾಲ್ಟ್ ಆಗಿದ್ದರೆ ಪುಟಗಳೆಲ್ಲ ಅದಕ್ಕೇ ಹೋಗುತ್ತವೆ. ಹಳೆಯದನ್ನು ತೆಗೆದುಹಾಕಿ, ಹೊಸದನ್ನು ಡಿಫಾಲ್ಟ್ ಮಾಡಿ. ‘ವಿಂಡೋಸ್ ತಾನೇ ಡಿಫಾಲ್ಟ್ ನೋಡಿಕೊಳ್ಳಲಿ’ ಅನ್ನುವ ಆಯ್ಕೆ ಆನ್ ಇದ್ದರೆ ಅದನ್ನೂ ಆಫ್ ಮಾಡಿ.

ಸ್ಕ್ಯಾನರ್ ಮಾತ್ರ ಪ್ರಿಂಟ್ ಬಂದಷ್ಟು ಸುಲಭಕ್ಕೆ ಬರಲಿಲ್ಲ. ಐಪಿ ಹಾಕಿ ಸೇರಿಸಿದ ಪ್ರಿಂಟರಿನಲ್ಲಿ ಪ್ರಿಂಟ್ ಬಂದರೂ ಸ್ಕ್ಯಾನರ್ ಕಾಣದೇ ಇರಬಹುದು, ಎರಡೂ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಪ್ರಿಂಟರ್ ತಯಾರಿಸಿದವರ ಪೂರ್ತಿ ಸಾಫ್ಟ್‌ವೇರ್ ಹಾಕಿದ ಮೇಲೆ ನನಗೆ ಸ್ಕ್ಯಾನ್ ಸಿಕ್ಕಿತು. ಅದನ್ನು ತಯಾರಕರ ಸ್ವಂತ ತಾಣದಿಂದ, ನಿಮ್ಮ ಮಾಡೆಲ್ ನಂಬರು ಹಾಕಿಯೇ ಇಳಿಸಿಕೊಳ್ಳಿ.

ಇನ್ನೂ ರೂಟರ್ ಬದಲಾಯಿಸಿಲ್ಲ, ಮುಂದೆ ಬದಲಾಯಿಸುತ್ತೀರಿ ಅಂದರೆ ಹಳೆಯದನ್ನು ಕಳಚುವ ಮುಂಚೆ ಅದರ ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಮೂರನ್ನೂ ಬರೆದುಕೊಳ್ಳಿ. ಹೊಸದರ 2.4 ಗಿಗಾಹರ್ಟ್ಸಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್, ಅದೇ ಸೆಕ್ಯುರಿಟಿ ಇಟ್ಟರೆ ಪ್ರಿಂಟರ್ ತಾನಾಗಿಯೇ ಸೇರಿಕೊಳ್ಳುತ್ತದೆ, ಬಾಣದ ಗುಂಡಿ ಒತ್ತುವ ಕೆಲಸವೇ ಇರುವುದಿಲ್ಲ. ಆಮೇಲೆ ಉಳಿಯುವುದು ಕಂಪ್ಯೂಟರಿನಲ್ಲಿ ಪೋರ್ಟಿನ ಐಪಿ ನೋಡುವುದು, ರೂಟರಿನಲ್ಲಿ ಆ ಐಪಿಯನ್ನು ಕಟ್ಟುವುದು, ಇಷ್ಟೇ.